ಬಿಸಿಲಿನ ಬಲದಿಂದ ಕೊಳೆನೀರಿನ ಶುದ್ಧಿ

ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಆದರೆ ಕಾಗದ, ಬಟ್ಟೆ ಮುಂತಾದ ಉದ್ಯಮಗಳ ಬಣ್ಣದ ನೀರಿನ ಸಮಸ್ಯೆ ಎಲ್ಲೆಡೆ ಇದ್ದೇ ಇದೆ. ಮರದ ತಿರುಳಿನಿಂದ ಬರುವ ಲಿಗ್ನಿನ್ ಎಂಬ ವಸ್ತು ನೀರನ್ನು ಕಷಾಯದಂತೆ ಕಂದಾಗಿಸುತ್ತದೆ. ಇದನ್ನು ಜೀವಾಣುಗಳು ಸುಲಭವಾಗಿ ಅರಗಿಸಲಾರವು. ಆದ್ದರಿಂದ ಹೊಂಡಗಳಲ್ಲಿ ದಿನಗಟ್ಟಲೆ ನಿಲ್ಲಿಸಿದರೂ ಬಣ್ಣ ಪೂರ್ತಿ ಹೋಗುವುದಿಲ್ಲ.

ಇಂಥ ವಸ್ತುಗಳನ್ನು ಬೆಳಕಿನಲ್ಲಿ ಒಡೆಯುವ ಪುಡಿಗಳಿಗೆ ದ್ಯುತಿ ವೇಗವರ್ಧಕಗಳೆಂದು ಹೆಸರು. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರ ವಿಭಾಗಗಳಲ್ಲಿ ಇವನ್ನು ತಯಾರಿಸಿ, ಬಣ್ಣದ ದ್ರಾವಣಗಳ ಮೇಲೆ ಪರೀಕ್ಷಿಸುವ ಸಂಶೋಧನೆ ನಡೆದಿದೆ. ಟೈಟಾನಿಯಂ ಡೈಆಕ್ಸೈಡ್ ಬೆಳಕಿನ ಸಹಾಯದಿಂದ ನೀರನ್ನೇ ಒಡೆಯಬಲ್ಲದೆಂದು ಜಪಾನಿನ ಫುಜಿಶಿಮಾ ಮತ್ತು ಹೊಂಡಾ 1972ರಲ್ಲಿ ಪ್ರಕಟಿಸಿದ ಮೇಲೆ ಈ ವಿಷಯಕ್ಕೆ ಮಹತ್ವ ಬಂತು. ಸತುವಿನ ಆಕ್ಸೈಡ್ ಕೂಡ ಇದೇ ಗುಂಪಿಗೆ ಸೇರುತ್ತದೆ. ಬೆಳಕು ತಾಗಿದಾಗ ಪುಡಿಯ ಕಣದಲ್ಲಿ ಎಲೆಕ್ಟ್ರಾನುಗಳು ಸ್ಥಳ ಬಿಟ್ಟು ಜಿಗಿಯುತ್ತವೆ. ಆಗ ನೀರು ಮತ್ತು ಆಮ್ಲಜನಕದಿಂದ ಕ್ಷಣಕಾಲ ಮಾತ್ರ ಬದುಕುವ ಉಗ್ರ ಕಣಗಳು ಹುಟ್ಟಿ ಕೊಳೆಯನ್ನು ತುಂಡರಿಸುತ್ತವೆ. ಕೆಲಸವೆಲ್ಲ ಕಣದ ಮೇಲ್ಮೈಯಲ್ಲೇ ನಡೆಯುವುದರಿಂದ ಪುಡಿ ಅತಿ ನುಣುಪಾಗಿರಬೇಕು. ಒಂದು ಮಿಲಿಮೀಟರಿನ ಘನವನ್ನು 10 ನ್ಯಾನೋಮೀಟರಿನ ಘನಗಳಾಗಿ ಒಡೆದರೆ ಮೇಲ್ಮೈ ಒಂದು ಲಕ್ಷ ಪಟ್ಟು ಹೆಚ್ಚುತ್ತದೆ.

ಇಷ್ಟು ನುಣುಪಾದ ಪುಡಿಯನ್ನು ಅರೆದು ಮಾಡುವುದು ಕಷ್ಟ. ಸುಟ್ಟು ಮಾಡುವುದು ಸುಲಭ. ಸುಡಲು ಬೇಕಾದ ಇಂಧನ ರೈತರಿಗೆ ಚಿರಪರಿಚಿತವಾದ ಯೂರಿಯಾ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಸಿ. ಪಾಟೀಲರೂ ಅವರ ಸಹೋದ್ಯೋಗಿಯೂ 1988ರಲ್ಲಿ ಈ ದಹನ ವಿಧಾನವನ್ನು ಪ್ರಕಟಿಸಿದರು. ಸತುವಿನ ಆಕ್ಸೈಡ್ ಬೇಕಾದರೆ ಸುಮಾರು 3 ಭಾಗ ಸತುವಿನ ನೈಟ್ರೇಟ್ ಹರಳಿಗೆ 1 ಭಾಗ ಯೂರಿಯಾ ಸೇರಿಸಿ, ಸ್ವಲ್ಪ ನೀರಿನಲ್ಲಿ ಕರಗಿಸಿ, ಸುಮಾರು 500 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದ ವಿದ್ಯುತ್ ಕುಲುಮೆಯಲ್ಲಿಡುತ್ತಾರೆ. ದ್ರಾವಣ ಕುದಿದು, ನೊರೆಯುಕ್ಕಿ, ಹೊತ್ತಿಕೊಂಡು, ಕೆಲವೇ ನಿಮಿಷಗಳಲ್ಲಿ ಹಗುರವಾದ ಪುಡಿಯಾಗುತ್ತದೆ. ಹೊರಡುವ ಅನಿಲಗಳ ರಭಸವೇ ಕಣಗಳು ಅಂಟಿಕೊಳ್ಳದಂತೆ ತಡೆಯುತ್ತದೆ. ಯೂರಿಯಾದ ಬದಲು ಗಿಡಗಳ ರಸವನ್ನು ಬಳಸುವುದೂ ಉಂಟು. ವಿಷಾನಿಲ ಮತ್ತು ಬೆಂಕಿಯ ಅಪಾಯವಿರುವುದರಿಂದ ಇದನ್ನು ಮನೆಯ ಒಲೆಯಲ್ಲಿ ಎಂದಿಗೂ ಪ್ರಯತ್ನಿಸಬಾರದು.

ಗಾಳಿಯಲ್ಲಿಯೂ ಇದರ ಉಪಯೋಗವಿದೆ. ಹಣ್ಣು ಬೇಗ ಮಾಗಿಸುವ ಎಥಿಲೀನ್ ಅನಿಲವನ್ನು ಉಗ್ರಾಣಗಳಲ್ಲಿ ಒಡೆಯಲು ಟೈಟಾನಿಯಂ ಡೈಆಕ್ಸೈಡ್ ಲೇಪನವನ್ನು ನೇರಳಾತೀತ ದೀಪದೊಡನೆ ಬಳಸಬಹುದು.

ಹಾಗಾದರೆ ಪುಡಿಯನ್ನು ತಂದು ಬಾವಿಗೋ ಕೃಷಿಹೊಂಡಕ್ಕೋ ಎರಚಬಹುದೇ? ಖಂಡಿತ ಕೂಡದು. ಪ್ರಯೋಗಶಾಲೆಯ ಗಾಜಿನ ಪಾತ್ರೆ ಬೇರೆ, ಮಳೆಗಾಲದ ಹಳ್ಳ ಬೇರೆ. ಕದಡಿದ ನೀರಿನೊಳಕ್ಕೆ ಬೆಳಕು ಇಳಿಯುವುದಿಲ್ಲ. ಈ ಪುಡಿಗಳಿಗೆ ಬೇಕಾದ ನೇರಳಾತೀತ ಕಿರಣ ಬಿಸಿಲಿನಲ್ಲಿ ನೂರಕ್ಕೆ ಸುಮಾರು 5 ಭಾಗ ಮಾತ್ರ. ಆಮ್ಲೀಯ ನೀರಿನಲ್ಲಿ ಸತುವಿನ ಆಕ್ಸೈಡ್ ಕರಗುತ್ತದೆ. ಸತು ಹೆಚ್ಚಾದರೆ ಮೀನಿಗೆ ವಿಷ. ಆದ್ದರಿಂದ ಪುಡಿಯನ್ನು ಗಾಜು ಅಥವಾ ಹೆಂಚಿನ ಮೇಲೆ ಲೇಪಿಸಿ, ನೀರು ತೆಳುವಾಗಿ ಹರಿಯುವಂತೆ ಮಾಡುವುದು ಮೇಲು. ಅದೂ ಕಾರ್ಖಾನೆಯ ಆವರಣದಲ್ಲೇ, ಜೀವಾಣು ಸಂಸ್ಕರಣೆಯ ನಂತರ. ನೀರಿನಲ್ಲಿ ಕರಗಿರುವ ಉಪ್ಪು, ಸೋಡಿಯಂ ಇವನ್ನು ಈ ವಿಧಾನ ತೆಗೆಯುವುದಿಲ್ಲ. ಬಣ್ಣ ಹೋದ ಮಾತ್ರಕ್ಕೆ ವಿಷ ಹೋಯಿತೆಂದೂ ಅಲ್ಲ; ಒಡೆದ ತುಣುಕುಗಳು ಉಳಿದಿರಬಹುದು.

ಕಾಲುವೆ ಅಥವಾ ಬಾವಿಯ ನೀರಿನ ಬಗ್ಗೆ ಸಂಶಯವಿರುವ ರೈತರು ಸ್ವಚ್ಛವಾದ ಒಂದು ಲೀಟರಿನ ಬಾಟಲಿಯನ್ನು ಅದೇ ನೀರಿನಿಂದ ಎರಡು ಮೂರು ಸಲ ತೊಳೆದು, ತುಂಬಿಸಿ, ಸ್ಥಳ ಮತ್ತು ದಿನಾಂಕದ ಚೀಟಿ ಅಂಟಿಸಿ, ಅಂದೇ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಬಾವಿಯಾದರೆ ಪಂಪನ್ನು ಸ್ವಲ್ಪ ಹೊತ್ತು ಓಡಿಸಿದ ಮೇಲೆ ನೀರು ಹಿಡಿಯುವುದು ಒಳ್ಳೆಯದು.