ಪದೇ ಪದೇ ನೆಗಡಿಯಾಗುವ ಮಗು

“ಈ ಮಗುವಿನ ಮೂಗು ಒಣಗಿದುದನ್ನು ನಾನು ಕಂಡೇ ಇಲ್ಲವಲ್ಲ!” ಎಂದು ನಮ್ಮ ಗೃಹಿಣಿ ಮೊಮ್ಮಗನನ್ನು ಕುರಿತು ಹೇಳುವುದೂ, ಸೊಸೆಯು ಕಣ್ಣೊರಸಿಕೊಂಡು ಒಳಗೆ ಹೋಗುವುದೂ ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ನಿತ್ಯವಿಧಿಯಾಗಿದ್ದಿತು. ಮಗುವಿಗೆ ಮೂರು ವರ್ಷ. ಶಿಶುವಿಹಾರಕ್ಕೆ ಸೇರಿದಂದಿನಿಂದ ತಿಂಗಳಿಗೊಂದು ನೆಗಡಿ. ತಾಯಿಯು ಚಳಿಯಲ್ಲಿ ತಲೆಗೆ ಎರೆದುದೇ ಕಾರಣ, ಬಾಳೆಯ ಹಣ್ಣು ಕೊಟ್ಟುದೇ ಕಾರಣವೆಂದು ದೂರು. ನಾವೂ ಅದಕ್ಕೆ ತಲೆದೂಗಿದವರೇ.

ವೈದ್ಯರು ಹೇಳಿದುದು ಬೇರೆ. ನೆಗಡಿಯನ್ನು ತರುವ ವೈರಸ್ಸುಗಳು 200ಕ್ಕೂ ಮಿಗಿಲು. ಒಂದನ್ನು ಜಯಿಸಿದ ದೇಹಕ್ಕೆ ಮತ್ತೊಂದು ಅಪರಿಚಿತವೇ. ಆದುದರಿಂದ ಎಳೆಯ ಮಕ್ಕಳಿಗೆ ವರ್ಷಕ್ಕೆ 6ರಿಂದ 8 ಸಲ, ಬಹು ಮಕ್ಕಳೊಡನೆ ಬೆರೆಯುವವರಿಗೆ ಇನ್ನೂ ಹೆಚ್ಚು ಸಲ, ನೆಗಡಿಯಾಗುವುದು ಸಹಜ. ನಡುನಡುವೆ ಮಗುವು ಚೇತರಿಸಿಕೊಂಡು ಆಡುತ್ತ, ತೂಕದಲ್ಲಿ ಏರುತ್ತಿದ್ದರೆ ಅಂಜಬೇಕಾದುದಿಲ್ಲ. ಆಂಟಿಬಯೋಟಿಕ್ ಔಷಧಗಳು ವೈರಸ್ಸನ್ನು ಕೊಲ್ಲಲಾರವು. ಹಿಂದೊಮ್ಮೆ ಸೀಸೆಯಲ್ಲಿ ಉಳಿದಿದ್ದುದನ್ನು ಯಾರನ್ನೂ ಕೇಳದೆ ಕುಡಿಸಿ, ಮಗುವಿಗೆ ಭೇದಿಯನ್ನು ತರಿಸಿದ ಪಂಡಿತರು ನಾವೇ.

ಆದರೆ ವೈದ್ಯರು ಕೇಳಿದ ಒಂದು ಪ್ರಶ್ನೆಯು ನಮ್ಮನ್ನು ನಾಚಿಸಿತು: “ಮನೆಯಲ್ಲಿ ಹೊಗೆಯುಂಟೆ?” ಅಡಿಗೆಗೆ ಗ್ಯಾಸ್ ಒಲೆ ಬಂದು ಎಷ್ಟೋ ವರ್ಷವಾದರೂ ಬಚ್ಚಲ ಹಂಡೆಗೆ ಸೌದೆಯೇ. ಎರೆದೊಡನೆ ಮಗುವಿಗೆ ಸಾಂಬ್ರಾಣಿಯ ಹೊಗೆ; ಸಂಜೆ ಊದುಬತ್ತಿ; ರಾತ್ರಿ ಸೊಳ್ಳೆಬತ್ತಿ. ಶ್ವಾಸನಾಳದ ಒಳಗೋಡೆಯಲ್ಲಿ ಕಫವನ್ನೂ ಧೂಳನ್ನೂ ಮೇಲಕ್ಕೆ ಗುಡಿಸುವ ಸೂಕ್ಷ್ಮ ರೋಮಗಳಿವೆ. ಹೊಗೆಯು ಅವನ್ನು ಕುಂದಿಸುತ್ತದೆ. ಕಾಶ್ಯಪ ಸಂಹಿತೆಯಲ್ಲಿ ಧೂಪಕ್ಕೆಂದೇ ಒಂದು ಅಧ್ಯಾಯವಿರುವುದೆಂದು ನಾವು ವಾದಿಸಹೊರಟೆವು. ಅಷ್ಟರಲ್ಲಿ, ಶ್ವಾಸರೋಗದ ಕಾರಣಗಳಲ್ಲಿ ಚರಕನೂ ಕಾಸದ ಕಾರಣಗಳಲ್ಲಿ ಸುಶ್ರುತನೂ ಹೊಗೆ ಧೂಳುಗಳನ್ನು ಎಣಿಸಿರುವುದು ನೆನಪಾಗಿ ಬಾಯಿ ಮುಚ್ಚಿಕೊಂಡೆವು.

ಎಲ್ಲ ಕೆಮ್ಮೂ ಉಪೇಕ್ಷಣೀಯವಲ್ಲ. ಮಗುವು ಶಾಂತವಾಗಿರುವಾಗ ಗಡಿಯಾರ ಹಿಡಿದು ಪೂರ್ಣ ಒಂದು ನಿಮಿಷ ಉಸಿರನ್ನು ಎಣಿಸಬೇಕು. ಎರಡು ತಿಂಗಳಿಂದ ವರ್ಷದೊಳಗಿನ ಶಿಶುವಿಗೆ 50, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಮಿಗಿಲಾದರೆ ನ್ಯುಮೋನಿಯದ ಶಂಕೆ. ಉಸಿರೆಳೆಯುವಾಗ ಎದೆಯ ಕೆಳಭಾಗ ಒಳಕ್ಕೆ ಸೇದಿದರೆ, ಮಗು ಹಾಲು ನೀರು ಕುಡಿಯಲಾರದಿದ್ದರೆ, ಮುಹೂರ್ತ ನೋಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಎರಡು ವಾರ ಮೀರಿದ ಕೆಮ್ಮು, ಏರದ ತೂಕ, ರಾತ್ರಿಯ ಉಬ್ಬಸ, ಮರಳಿ ಮರಳಿ ಬರುವ ನ್ಯುಮೋನಿಯ, ಇವಕ್ಕೂ ಪರೀಕ್ಷೆ ಬೇಕು. ನ್ಯುಮೋಕಾಕಲ್ ಲಸಿಕೆಯು 2021ರಿಂದ ದೇಶದಾದ್ಯಂತ ಸರ್ಕಾರದ ಲಸಿಕಾ ಕಾರ್ಯಕ್ರಮದಲ್ಲಿ ಸೇರಿದೆ. ಶಿಶುವಿಗೆ ತಪ್ಪದೆ ಹಾಕಿಸುವುದು.

ಈಗ ಹಂಡೆಯ ಒಲೆಯು ಹಿತ್ತಲಿಗೆ ಹೋಗಿದೆ. ಸೊಳ್ಳೆಬತ್ತಿಯ ಸ್ಥಾನದಲ್ಲಿ ಪರದೆ ಕಟ್ಟಿದ್ದೇವೆ. ಸಾಂಬ್ರಾಣಿಯನ್ನು ಬಿಡಲು ನಮ್ಮ ಗೃಹಿಣಿ ಒಂದು ತಿಂಗಳು ತೆಗೆದುಕೊಂಡಳು. ಮೊಮ್ಮಗನಿಗೆ ಈ ವಾರವೂ ನೆಗಡಿಯುಂಟು. ನಿನ್ನೆ ರಾತ್ರಿ ಸೊಸೆಯನ್ನು ಮಲಗಲು ಕಳುಹಿಸಿ, ಅಜ್ಜಿಯೇ ದೀಪದ ಬಳಿ ಕುಳಿತು ಅವನ ಉಸಿರನ್ನು ಎಣಿಸಿದಳು: ಇಪ್ಪತ್ತೆಂಟು.