ಕಾರ್ಬೊರೇಟರ್ ಕೆಳಗಿನ ಕರಿ ಬಿಲ್ಲೆ

ಹಿಂದಿನ ಬೆಂಚಿನ ಹುಡುಗನಿಗೆ ಉಷ್ಣವಹನದ ವ್ಯಾಖ್ಯೆ ಬರುವುದಿಲ್ಲ, ಆದರೆ ರಜೆಯಲ್ಲಿ ಗ್ಯಾರೇಜಿಗೆ ಹೋಗಿ ಇಡೀ ಕಾರ್ಬೊರೇಟರ್ ಬಿಚ್ಚಿ ಮತ್ತೆ ಕೂಡಿಸುತ್ತಾನೆ. ನಮ್ಮ ಎಲ್ಲ ಶಾಲೆಗಳಲ್ಲೂ ಇಂಥವರು ಇದ್ದಾರೆ. ಅಂಥವನೊಬ್ಬ ನಿಮ್ಮನ್ನು ಕೇಳಬಹುದು: “ಸರ್, ಕಾರ್ಬೊರೇಟರ್ ಕೆಳಗ ಸ್ಪೇಸರ್ ಹಾಕಿದ್ರ ಗಾಡಿ ಪಿಕಪ್ ಹೆಚ್ಚಾಗ್ತದಂತ, ಖರೇನ್ರಿ?” ಮೊಬೈಲಿನಲ್ಲಿ ಯಾವುದೋ ಅಮೆರಿಕದ ವಿಡಿಯೊ ನೋಡಿರುತ್ತಾನೆ. ಸುಮ್ಮನೆ ಹೌದು, ಇಲ್ಲ ಅಂದು ಮುಗಿಸಬೇಡಿ. ಈ ಪ್ರಶ್ನೆಯಲ್ಲಿ ನಮ್ಮ ಎರಡು ಪಾಠಗಳಿವೆ, ಅವನ ದುಡ್ಡೂ ಇದೆ.

ಮೊದಲು ಕಾರ್ಬೊರೇಟರ್ ಮಾಡುವ ಕೆಲಸ. ಪಿಸ್ಟನ್ ಕೆಳಗಿಳಿದಾಗ ಗಾಳಿ ಒಳಗೆ ನುಗ್ಗುತ್ತದೆ. ದಾರಿಯಲ್ಲಿ ಒಂದು ಕಡೆ ಕೊಳವೆಯ ಕತ್ತು ಕಿರಿದಾಗಿದೆ. ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಇದು 1738ರಲ್ಲಿ ಬರ್ನೂಲಿ ಪ್ರಕಟಿಸಿದ ತತ್ವ. ಇಂಥ ಕಿರಿದಾದ ಕತ್ತಿಗೆ ಇಟಲಿಯ ವೆಂಚುರಿಯ ಹೆಸರಿದೆ. ಪಕ್ಕದ ಬಟ್ಟಲಿನಲ್ಲಿ, ಅಂದರೆ ಫ್ಲೋಟ್ ಇರುವ ಬೌಲ್‌ನಲ್ಲಿ ನಿಂತ ಪೆಟ್ರೋಲು ಒತ್ತಡ ಕಡಿಮೆ ಇರುವ ಕಡೆಗೆ ಜೆಟ್ ಮೂಲಕ ಏರಿ, ಹನಿಹನಿಯಾಗಿ ಗಾಳಿಯಲ್ಲಿ ಸೇರುತ್ತದೆ.

ಸ್ಪೇಸರ್ ಎನ್ನುವುದು ಈ ಕಾರ್ಬೊರೇಟರಿಗೂ ಅದು ಕೂತ ಮ್ಯಾನಿಫೋಲ್ಡಿಗೂ ನಡುವೆ ಇಡುವ ತೂತಿನ ದಪ್ಪ ಬಿಲ್ಲೆ. ಅಮೆರಿಕದ ಹಳೆಯ ವಿ-8 ಕಾರುಗಳಲ್ಲಿ ಇದರ ಬಳಕೆ ಬಹಳ. ಅಲ್ಲಿ ನಾಲ್ಕು ಕತ್ತಿನ ದೊಡ್ಡ ಕಾರ್ಬೊರೇಟರ್ ಇಂಜಿನ್ನಿನ ನಡು ನೆತ್ತಿಯ ಮೇಲೆ ಕೂತಿರುತ್ತದೆ. ಅರ್ಧ ಇಂಚಿನಿಂದ ಎರಡು ಇಂಚಿನವರೆಗಿನ ಸ್ಪೇಸರ್‌ಗಳು ಸಿಗುತ್ತವೆ. ನಾಲ್ಕು ತೂತಿನದು ಗಾಳಿಯನ್ನು ಬೇರೆಬೇರೆ ದಾರಿಯಲ್ಲೇ ವೇಗವಾಗಿ ಕಳಿಸುವುದರಿಂದ ಸಾಮಾನ್ಯವಾಗಿ ಕಡಿಮೆ ಹಾಗೂ ಮಧ್ಯಮ ವೇಗದಲ್ಲಿ ನೆರವಾಗುತ್ತದೆ. ನಡುವೆ ಒಂದೇ ದೊಡ್ಡ ಕಿಂಡಿ ಇರುವುದು ಕೆಳಗಿನ ಗಾಳಿಕೋಣೆಯ ಗಾತ್ರ ಹೆಚ್ಚಿಸುತ್ತದೆ. ಅದರ ಲಾಭ ಕಾಣುವುದು ಇಂಜಿನ್ ಜೋರಾಗಿ ತಿರುಗುವಾಗ. ರಸ್ತೆಯ ಗಾಡಿ ದಿನವಿಡೀ ಓಡುವುದು ಕಡಿಮೆ, ಮಧ್ಯಮ ವೇಗದಲ್ಲೇ. ಹೀಗಾಗಿ ರೇಸಿನ ಬಿಲ್ಲೆ ಹಾಕಿ ಪೇಟೆಯಲ್ಲಿ ಪಿಕಪ್ ಕಳೆದುಕೊಳ್ಳುವುದೂ ಉಂಟು.

ಇನ್ನು ಉಷ್ಣದ ಲೆಕ್ಕ. ಸ್ಪೇಸರ್ ಮಾರುವವರು ಹೇಳುವ ಮಾತು ಇದು: ತಂಪಾದ ಗಾಳಿ ಸಾಂದ್ರ, ಹೆಚ್ಚು ಆಕ್ಸಿಜನ್, ಹೆಚ್ಚು ಶಕ್ತಿ. ತತ್ವ ಸರಿ ಇದೆ. 27 ಡಿಗ್ರಿ ಅಂದರೆ 300 ಕೆಲ್ವಿನ್. 57 ಡಿಗ್ರಿ ಅಂದರೆ 330. ಒತ್ತಡ ಅಷ್ಟೇ ಇದ್ದರೆ ಸಾಂದ್ರತೆ 300/330, ಅಂದರೆ ಶೇಕಡಾ 9ರಷ್ಟು ಕಡಿಮೆ. ಆದರೆ ಬಿಲ್ಲೆಯೊಂದು ಗಾಳಿಯನ್ನು 30 ಡಿಗ್ರಿ ತಂಪಿಡುತ್ತದೆಯೇ? ಗಾಳಿಯ ವೇಗ ಸೆಕೆಂಡಿಗೆ 30 ಮೀಟರ್ ಎಂದು ಹಿಡಿಯಿರಿ. 3 ಸೆಂಟಿಮೀಟರ್ ದಾರಿ ದಾಟಲು ಅದಕ್ಕೆ ಬೇಕಾದದ್ದು ಸೆಕೆಂಡಿನ ಸಾವಿರದ ಒಂದು ಭಾಗ. ಅಷ್ಟರಲ್ಲಿ ಅದು ಕಾಯುವುದಾದರೂ ಎಷ್ಟು? 3 ಡಿಗ್ರಿ ಉಳಿಯಿತು ಅಂದುಕೊಂಡರೂ ಲಾಭ ಶೇಕಡಾ 1. ಈ ಲೆಕ್ಕವನ್ನು ಬೋರ್ಡಿನ ಮೇಲೆ ಆ ಹುಡುಗನ ಕೈಯಲ್ಲೇ ಮಾಡಿಸಿ.

ಹಾಗಾದರೆ ಬಿಲ್ಲೆ ದಂಡವೇ? ಅಲ್ಲವೇ ಅಲ್ಲ. ಗಾಳಿ ಓಡಿಹೋಗುತ್ತದೆ, ಬಟ್ಟಲಿನ ಪೆಟ್ರೋಲು ನಿಂತಿರುತ್ತದಲ್ಲ! ಪೆಟ್ರೋಲು ಒಂದೇ ವಸ್ತುವಲ್ಲ, ಹಲವು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರ ಹಗುರ ಭಾಗ ಸುಮಾರು 35-40 ಡಿಗ್ರಿಗೇ ಕುದಿಯತೊಡಗುತ್ತದೆ. ನಮ್ಮ ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ಮೇ ತಿಂಗಳಲ್ಲಿ ನೆರಳೇ 40 ದಾಟುತ್ತದೆ. ಗಾಡಿ ಓಡುವಾಗ ಗಾಳಿ ಬಡಿದು, ಹೊಸ ಪೆಟ್ರೋಲು ಬರುತ್ತಾ ಬಟ್ಟಲು ತಕ್ಕಮಟ್ಟಿಗೆ ತಂಪಿರುತ್ತದೆ. ನಿಲ್ಲಿಸಿ ಚಹಾಕ್ಕೆ ಹೋದಿರಿ ಅನ್ನಿ, ಇಂಜಿನ್ನಿನ ಬಿಸಿ ಮೇಲೇರಿ ಬಟ್ಟಲಿಗೆ ಬರುತ್ತದೆ. ಪೆಟ್ರೋಲು ಆವಿಯಾಗುತ್ತದೆ, ಕೆಲವೊಮ್ಮೆ ಕುದಿದು ಜೆಟ್ಟಿನಿಂದ ಒಳಗೆ ಉಕ್ಕುತ್ತದೆ. ಹದಿನೈದು ನಿಮಿಷದ ಮೇಲೆ ಕಿಕ್ ಹೊಡೆದೂ ಹೊಡೆದೂ ಕಾಲು ಸೋಲುವುದು ಇದಕ್ಕೇ.

ಇದನ್ನು ತಡೆಯಲೆಂದೇ ಹಳೆಯ ಬೈಕುಗಳಲ್ಲಿ ಕಾರ್ಬೊರೇಟರಿಗೂ ಇಂಜಿನ್ ಹೆಡ್ಡಿಗೂ ನಡುವೆ ಕಪ್ಪು ಬೇಕಲೈಟ್ ಬಿಲ್ಲೆ ಅಥವಾ ದಪ್ಪ ರಬ್ಬರಿನ ಜೋಡಣೆ ಇರುತ್ತದೆ. ಅಂದರೆ ಹುಡುಗ ವಿಡಿಯೊದಲ್ಲಿ ನೋಡಿದ ಸ್ಪೇಸರ್ ಅವನ ಅಪ್ಪನ ಗಾಡಿಯಲ್ಲಿ ಕಂಪನಿಯಿಂದಲೇ ಬಂದಿದೆ! ಬೇಕ್‌ಲ್ಯಾಂಡ್ 1907ರಲ್ಲಿ ತಯಾರಿಸಿದ ಈ ಪ್ಲಾಸ್ಟಿಕ್ಕಿನ ಉಷ್ಣವಾಹಕತೆ 0.2ರ ಆಸುಪಾಸು, ಅಲ್ಯೂಮಿನಿಯಂ ಮಿಶ್ರಲೋಹಗಳದು 100ರಿಂದ 200. ನೂರಾರು ಪಟ್ಟು ವ್ಯತ್ಯಾಸ. ಫಳಫಳ ಹೊಳೆಯುವ ಅಲ್ಯೂಮಿನಿಯಂ ಸ್ಪೇಸರ್ ಕೊಂಡವನಿಗೆ ಎತ್ತರ ಸಿಕ್ಕೀತು, ತಂಪು ಸಿಗುವುದಿಲ್ಲ.

ಗ್ಯಾರೇಜುಗಳಲ್ಲಿ ಆಗುವ ಎಡವಟ್ಟು ಬೇರೆಯೇ. ಬೇಕಲೈಟ್ ಬಿಲ್ಲೆ ಸೀಳಿದರೆ ಅದನ್ನು ಬಿಸಾಕಿ, ಬರೀ ಪ್ಯಾಕಿಂಗ್ ಹಾಕಿ ಬೋಲ್ಟು ಬಿಗಿದುಬಿಡುತ್ತಾರೆ. ಬೆಳಗ್ಗೆ ಗಾಡಿ ಚೆನ್ನಾಗಿ ಓಡುತ್ತದೆ, ಮಧ್ಯಾಹ್ನ ಕೈಕೊಡುತ್ತದೆ. ಸೀಳಿದ್ದನ್ನೇ ಬಿಟ್ಟರೂ ಕಷ್ಟ: ಸಂದಿಯಿಂದ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗಿ ಪೆಟ್ರೋಲಿನ ಪ್ರಮಾಣ ಕಡಿಮೆಯಾಗುತ್ತದೆ, ಇಂಜಿನ್ ನಿಂತಲ್ಲೇ ಏರುತ್ತ ಇಳಿಯುತ್ತ ಒದ್ದಾಡುತ್ತದೆ. ಹೊಸ ಬಿಲ್ಲೆ ತಂದು ಕೂಡಿಸುವುದೇ ಇಲ್ಲಿ ಸಿಗುವ ದೊಡ್ಡ ‘ಪರ್ಫಾರ್ಮೆನ್ಸ್’.

ನೀಲಗಿರಿ, ವಯನಾಡಿನ ಮಿತ್ರರು ಕೇಳಿಯಾರು, ನಮ್ಮ ಚಳಿಗೆ ಏನು ಅಂತ. ಪೆಟ್ರೋಲು ಆವಿಯಾಗುವಾಗ ಗುಪ್ತೋಷ್ಣ ಹೀರಿ ಕತ್ತನ್ನು ತಂಪಾಗಿಸುತ್ತದೆ. ಚಳಿಯ ದೇಶಗಳಲ್ಲಿ ಗಾಳಿಯ ತೇವ ಅಲ್ಲೇ ಹೆಪ್ಪುಗಟ್ಟುವುದೂ ಉಂಟು. ಅದಕ್ಕೇ ಹಳೆಯ ವಿ-8ಗಳಲ್ಲಿ ಹೊಗೆಯ ಬಿಸಿಯನ್ನು ಬೇಕಂತಲೇ ಕಾರ್ಬೊರೇಟರಿನ ಕೆಳಗೆ ಹಾಯಿಸುತ್ತಿದ್ದರು. ಬಿಸಿ ಪೂರ್ತಿ ತಡೆದರೆ ಚಳಿಯ ಬೆಳಗ್ಗೆ ಚೋಕ್ ಎಳೆದುಕೊಂಡೇ ಹೆಚ್ಚು ದೂರ ಹೋಗಬೇಕು.

ತರಗತಿಯಲ್ಲಿ ಪೆಟ್ರೋಲು ಬೇಡವೇ ಬೇಡ. ಪಾತ್ರೆಯಲ್ಲಿ ನೀರು ಕುದಿಸಿ, ಒಲೆ ಆರಿಸಿ, ಸ್ಟೀಲ್ ತಟ್ಟೆ ಮುಚ್ಚಿ. ಅದರ ಮೇಲೆ ಹಳೆಯ 10 ಪೈಸೆಯ ಅಲ್ಯೂಮಿನಿಯಂ ನಾಣ್ಯ, ಅಷ್ಟೇ ದಪ್ಪದ ಮರದ ಸ್ಕೇಲಿನ ತುಂಡು ಇಟ್ಟು, ಎರಡರ ಮೇಲೂ ಕಡಲೆ ಗಾತ್ರದ ಮೇಣ ಇಡಿ. ಯಾವುದು ಎಷ್ಟು ಸೆಕೆಂಡಿಗೆ ಕರಗಿತು ಎಂದು ಮಕ್ಕಳು ಬರೆದುಕೊಳ್ಳಲಿ. ಮರದ ಮೇಲಿನದು ಕರಗದೆಯೂ ಉಳಿಯಬಹುದು.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಬಹುಪಾಲು ಇಂಜೆಕ್ಟರ್‌ನವು. ಹಳೆಯ ಕಾರ್ಬೊರೇಟರ್‌ಗಳು ಗುಜರಿ ಅಂಗಡಿಯಲ್ಲಿ ಸಿಗುತ್ತವೆ. ಬಿಲ್ಲೆ ಸಮೇತ ಒಂದು ತಂದು, ಬಯಲಲ್ಲಿ ಪೂರ್ತಿ ಒಣಗಿಸಿ ಲ್ಯಾಬಿನಲ್ಲಿಡಿ. ಬಿಚ್ಚಿ ತೋರಿಸುವ ಕೆಲಸ ಹಿಂದಿನ ಬೆಂಚಿನವನಿಗೇ ಕೊಡಿ.