ಮಾಯಾಲೋಕದ ನ್ಯಾಯ ಯಾರದು?

2001ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಅಲಮೊಗೊರ್ಡೊ ಪಟ್ಟಣದಲ್ಲಿ ಚರ್ಚೊಂದರ ಅನುಯಾಯಿಗಳು ಹ್ಯಾರಿ ಪಾಟರ್ ಪುಸ್ತಕಗಳಿಗೆ ಬೆಂಕಿ ಹಚ್ಚಿದರು. ಅವು ಮಕ್ಕಳನ್ನು ಮಾಟಮಂತ್ರದತ್ತ ಸೆಳೆಯುತ್ತವೆ ಎಂಬುದು ಅವರ ಆರೋಪವಾಗಿತ್ತು. 2007ರಲ್ಲಿ ‘ದಿ ಗೋಲ್ಡನ್ ಕಂಪಾಸ್’ ಚಲನಚಿತ್ರ ತೆರೆಗೆ ಬಂದಾಗ, ಅದರ ಮೂಲ ಕಾದಂಬರಿಗಳು ನಾಸ್ತಿಕತೆಯನ್ನು ಬೋಧಿಸುತ್ತವೆ ಎಂದು ಬಹಿಷ್ಕಾರದ ಕರೆ ಕೇಳಿಬಂತು. ಫ್ಯಾಂಟಸಿ ಕಥೆಗಳು ಲೇಖಕರ ನಂಬಿಕೆಯನ್ನು ಹೊತ್ತು ಬರುತ್ತವೆ ಎಂಬ ಈ ವಿರೋಧಿಗಳ ಗ್ರಹಿಕೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ನಂಬಿಕೆ ಇದೆಯೇ ಎಂಬುದಕ್ಕಿಂತ, ಅದು ಕಥೆಯೊಳಗೆ ಏನು ಮಾಡುತ್ತದೆ ಎಂಬುದು ನಾವು ವಿವೇಚಿಸಬೇಕಾದ ಸಂಗತಿ.

ಇಬ್ಬರು ಮಿತ್ರರು, ಎರಡು ದಾರಿ

ಆಧುನಿಕ ಇಂಗ್ಲಿಷ್ ಫ್ಯಾಂಟಸಿಗೆ ರೂಪ ಕೊಟ್ಟವರಲ್ಲಿ ಇಬ್ಬರು ಆಕ್ಸ್‌ಫರ್ಡ್‌ನ ಅಧ್ಯಾಪಕರು, ಆಪ್ತ ಮಿತ್ರರು, ಮೊದಲ ಮಹಾಯುದ್ಧದ ಕಂದಕಗಳನ್ನು ಕಂಡವರು. ಒಬ್ಬರು ಬಾಲ್ಯದಿಂದಲೂ ಶ್ರದ್ಧಾವಂತ ಕ್ಯಾಥೊಲಿಕ್. ಇನ್ನೊಬ್ಬರು ಯೌವನದಲ್ಲಿ ನಾಸ್ತಿಕರಾಗಿದ್ದು, 1931ರಲ್ಲಿ ಈ ಮಿತ್ರರೊಡನೆ ಪುರಾಣ ಮತ್ತು ಸತ್ಯದ ಸಂಬಂಧ ಕುರಿತು ನಡೆದ ದೀರ್ಘ ಚರ್ಚೆಯ ಬಳಿಕ ಕ್ರೈಸ್ತ ನಂಬಿಕೆಗೆ ಮರಳಿದವರು.

ಮೊದಲನೆಯವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954–55) ಕೃತಿಯಲ್ಲಿ ಚರ್ಚಿಲ್ಲ, ಪಾದ್ರಿಯಿಲ್ಲ. ಅದನ್ನು ಅನ್ಯೋಕ್ತಿಯೆಂದು ಓದುವುದನ್ನು ಲೇಖಕರು ಒಪ್ಪಲಿಲ್ಲ. ಆದರೂ ಅದು ಮೂಲತಃ ಧಾರ್ಮಿಕ ಕೃತಿಯೆಂದು 1953ರ ಪತ್ರವೊಂದರಲ್ಲಿ ಹೇಳಿಕೊಂಡರು. ಆ ಧಾರ್ಮಿಕತೆ ಕಾಣುವುದು ಘಟನೆಯಲ್ಲಿ. ಉಂಗುರವನ್ನು ನಾಶಮಾಡಲು ಹೊರಟ ಫ್ರೋಡೊ ಕೊನೆಯ ಗಳಿಗೆಯಲ್ಲಿ ಸೋಲುತ್ತಾನೆ, ಅದು ತನ್ನದೆನ್ನುತ್ತಾನೆ. ಹಿಂದೆ ಇತರರ ಕರುಣೆಯಿಂದ ಜೀವ ಉಳಿದಿದ್ದ ಗೊಲ್ಲಮ್‌ನಿಂದಲೇ ಉಂಗುರ ನಾಶವಾಗುತ್ತದೆ. ಮನುಷ್ಯನ ಸಂಕಲ್ಪವೊಂದೇ ಸಾಲದು, ಕರುಣೆ ವ್ಯರ್ಥವಾಗದು ಎಂಬ ನಂಬಿಕೆಯನ್ನು ಇಲ್ಲಿ ಯಾರೂ ಬೋಧಿಸಬೇಕಾಗಿಲ್ಲ.

ಎರಡನೆಯವರು 1950ರಿಂದ 1956ರವರೆಗೆ ಹೊರತಂದ ನಾರ್ನಿಯಾದ ಏಳು ಪುಸ್ತಕಗಳಲ್ಲಿ ನಂಬಿಕೆ ಹೆಚ್ಚು ಪ್ರಕಟ. ದ್ರೋಹವೆಸಗಿದ ಬಾಲಕನಿಗಾಗಿ ಸಿಂಹ ಆಸ್ಲಾನ್ ಪ್ರಾಣ ತೆತ್ತು ಮತ್ತೆ ಎದ್ದುಬರುವುದರಲ್ಲಿ ಕ್ರಿಸ್ತನ ಕಥೆ ಸ್ಪಷ್ಟವಾಗಿ ಕಾಣುತ್ತದೆ. ಹಿಮದ ಕಾಡಿನಲ್ಲಿ ಕೊಡೆ ಹಿಡಿದು ನಡೆವ ವಿಚಿತ್ರ ಜೀವಿಯ ಚಿತ್ರವೇ ಆ ಕಥೆಗೆ ಮೊಳಕೆ ಎಂದು ಲೇಖಕರು ಹೇಳಿದ್ದಾರೆ. ಕ್ರೈಸ್ತ ತತ್ತ್ವದ ಪರಿಚಯವೇ ಇಲ್ಲದ ಮಕ್ಕಳೂ ಅದನ್ನು ಮೆಚ್ಚಿ ಓದಲು ಇದೂ ಒಂದು ಕಾರಣವಿರಬಹುದು.

ಉತ್ತರವೂ ಕಥೆಯಲ್ಲೇ

ಆಕ್ಷೇಪಗಳೂ ಗಟ್ಟಿಯಾಗಿವೆ. ಕಲ್ಪಿತ ಲೋಕದಲ್ಲಿ ನಿಯಮ ಮಾಡುವವರೂ ತೀರ್ಪು ಕೊಡುವವರೂ ಲೇಖಕರೇ. ನಾರ್ನಿಯಾದ ಕೊನೆಯ ಪುಸ್ತಕದಲ್ಲಿ, ಅಲಂಕಾರ ಹಾಗೂ ಔತಣಕೂಟಗಳಲ್ಲಿ ಮನಸ್ಸಿಟ್ಟ ಸೂಸನ್ ಒಡಹುಟ್ಟಿದವರೊಡನೆ ದಿವ್ಯಲೋಕ ಸೇರುವುದಿಲ್ಲ. ಅವಳ ಮಾತನ್ನು ಕಥೆ ಕೇಳಿಸಿಕೊಳ್ಳುವುದೂ ಇಲ್ಲ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಇಡೀ ಓರ್ಕ್ ಕುಲವನ್ನೇ ದುಷ್ಟವಾಗಿ ಚಿತ್ರಿಸುವುದು ತನ್ನ ಧರ್ಮಕ್ಕೆ ಒಪ್ಪುವುದೇ ಎಂಬ ಪ್ರಶ್ನೆ ಅದರ ಸೃಷ್ಟಿಕರ್ತರನ್ನೂ ಕಾಡಿತ್ತು.

‘ದಿ ಗೋಲ್ಡನ್ ಕಂಪಾಸ್’ ಚಿತ್ರಕ್ಕೆ ಮೂಲವಾದ ಕಾದಂಬರಿ ಸರಣಿ ‘ಹಿಸ್ ಡಾರ್ಕ್ ಮೆಟೀರಿಯಲ್ಸ್’ (1995–2000) ನಾರ್ನಿಯಾದ ದೃಷ್ಟಿಗೆ ಎದುರಾಗಿ ನಿಂತಿತು. ಅರಿವಿನ ಹಂಬಲ ಪಾಪವಲ್ಲ, ಬೆಳೆಯುವುದು ಪತನವಲ್ಲ ಎಂಬುದು ಅದರ ನಿಲುವು. ಆದರೆ ಅದರ ಮೂರನೆಯ ಸಂಪುಟದಲ್ಲಿ ಉಪದೇಶ ಕಥೆಯನ್ನು ಮೀರಿತೆಂಬ ಟೀಕೆಯೂ ಇದೆ. ಬೋಧಿಸುವ ಚಪಲ ಆಸ್ತಿಕರಿಗಷ್ಟೇ ಸೇರಿದ್ದಲ್ಲ.

ಮೂರನೆಯ ದಾರಿ ಅಮೆರಿಕದ ಲೇಖಕಿಯೊಬ್ಬರದು. 1968ರಲ್ಲಿ ಆರಂಭವಾದ ಅವರ ಅರ್ಥ್‌ಸೀ ಸರಣಿಯ ನಾಯಕ ಕಂದುಬಣ್ಣದವ. ಅವನನ್ನು ಅಟ್ಟಿಸಿಕೊಂಡು ಬರುವ ನೆರಳಿಗೆ ಅವನದೇ ಹೆಸರು. ಚೀನಾದ ದಾವೊ ಚಿಂತನೆಯ ಸಮತೋಲನ ಆ ಲೋಕದ ತಳಹದಿ. ಆದರೆ ಅಲ್ಲಿನ ಮಂತ್ರವಿದ್ಯೆಯ ಶಾಲೆಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. 1990ರ ‘ತೆಹಾನು’ ಕಾದಂಬರಿಯಲ್ಲಿ ಲೇಖಕಿ ಅದೇ ಲೋಕಕ್ಕೆ ಮರಳಿ, ಅದರ ಅಧಿಕಾರವನ್ನು ಹೆಣ್ಣಿನ ಕಣ್ಣಿನಿಂದ ಮತ್ತೆ ಪರಿಶೀಲಿಸಿದರು.

ಓದುಗರ ಪಾಲು

ನಂಬಿಕೆಯಿಲ್ಲದ ಲೇಖಕರನ್ನು ಬಯಸುವುದರಲ್ಲಿ ಅರ್ಥವಿಲ್ಲ. ಅಂಥವರು ಕಟ್ಟುವ ಲೋಕದಲ್ಲಿ ಒಳಿತಿಗೂ ಕೆಡುಕಿಗೂ ತೂಕವಿರುವುದಿಲ್ಲ. ನಾವು ಕೇಳಬಹುದಾದದ್ದು ಇಷ್ಟೇ: ಆ ನಂಬಿಕೆ ಕಥೆಯೊಳಗೆ ಪರೀಕ್ಷೆಗೆ ಒಡ್ಡಿಕೊಳ್ಳುತ್ತದೆಯೇ? ಫ್ರೋಡೊನ ಸೋಲಿನಲ್ಲಿ ಆ ಪರೀಕ್ಷೆ ನಡೆಯುತ್ತದೆ, ಸೂಸನ್‌ಳ ವಿಷಯದಲ್ಲಿ ನಡೆಯುವುದಿಲ್ಲ. ಇದನ್ನು ಗುರುತಿಸುವ ಶಕ್ತಿ ಎಳೆಯ ಓದುಗರಿಗೆ ನಿಷೇಧದಿಂದ ಬರುವುದಿಲ್ಲ, ಒಂದು ಕೃತಿಯನ್ನು ಇನ್ನೊಂದರ ಎದುರಿಟ್ಟು ಓದುವುದರಿಂದ ಬರುತ್ತದೆ. ನಾರ್ನಿಯಾ ಇರುವ ಗ್ರಂಥಾಲಯದಲ್ಲಿ ಅದನ್ನು ಪ್ರಶ್ನಿಸುವ ಪುಸ್ತಕವೂ ಇರಲಿ. ಎರಡನ್ನೂ ಓದಿದ ಮಕ್ಕಳ ನಿರ್ಣಯವನ್ನು ಹಿರಿಯರು ಗೌರವದಿಂದ ಆಲಿಸಲಿ.